ಅತ್ತೆಗಾಗಿ ಸಜ್ಜಾದ ಟ್ರೇಲರ್

ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ನವಾರಿನ ಮಂಚಕ್ಕೆ ಈಗ ಕಾಲಿಲ್ಲ. ನಾಲ್ಕನ್ನೂ ಬುಡಮಟ್ಟ ಕುಯ್ಯಿಸಿದವಳು ನಾನೇ. ಬಡಗಿ ಗರಗಸ ಇಟ್ಟವನು ತೆಗೆದು, "ಇನ್ನೊಂದ್ಸಲ ಯೋಚ್ನೆ ಮಾಡ್ರಿ, ತೇಗದ ಕಾಲು ಇವು" ಎಂದ. "ಯೋಚ್ನೆ ಮಾಡೋದಾಗಿದ್ರೆ ನಿಮ್ಮನ್ನ ಯಾಕ ಕರೀತಿದ್ದೆ? ಕುಯ್ರಿ" ಎಂದೆ. ನನ್ನ ಸ್ವಭಾವವೇ ಹಾಗೆ. ಒಂದು ಕೆಲಸ ತಲೆಗೆ ಹೊಕ್ಕರೆ ಅದು ಮುಗಿಯುವ ತನಕ ಅನ್ನ ಸೇರುವುದಿಲ್ಲ, ಮಧ್ಯೆ ಬುದ್ಧಿ ಹೇಳಲು ಬಂದವರೂ ಸೇರುವುದಿಲ್ಲ.

ಆ ಮಂಚ ಹೋಗಬೇಕಾಗಿದ್ದುದು ಟ್ರಾಕ್ಟರಿನ ಟ್ರೇಲರಿನೊಳಕ್ಕೆ. ಅದರ ಮೇಲೆ ಕೂರಬೇಕಾಗಿದ್ದವರು ನನ್ನ ಅತ್ತೆ.

ನಾನು ದಾವಣಗೆರೆ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅರವತ್ತರ ದಶಕದ ಶುರುವಿನಲ್ಲಿ ಹರಿಹರಕ್ಕೆ ಸೊಸೆಯಾಗಿ ಬಂದೆ. ಊರಿನ ಹೊರಗೆ, ಮಲೆಬೆನ್ನೂರಿನ ರಸ್ತೆಗೆ ಮುಖ ಮಾಡಿದ ಮನೆ. ಮನೆಯಲ್ಲಿ ನಾವು ನಾಲ್ಕೇ ಜನ: ಮಾವ, ಅತ್ತೆ, ನನ್ನ ಯಜಮಾನರು, ನಾನು. ಭದ್ರಾ ನಾಲೆಯ ನೀರು ಗದ್ದೆಗೆ ಬಂದ ಮೇಲೆ ಜೋಳದ ಹೊಲವೆಲ್ಲ ಭತ್ತವಾಗಿ, ಭತ್ತದ ಹಿಂದೆ ಟ್ರಾಕ್ಟರು ಬಂದು, ಟ್ರಾಕ್ಟರಿನ ಹಿಂದೆ ಟ್ರೇಲರು ಬಂದಿತ್ತು.

ಅತ್ತೆ ಗಟ್ಟಿ ಆಳು. ಎತ್ತರಕ್ಕೆ ತಕ್ಕ ದಪ್ಪ, ದಪ್ಪಕ್ಕೆ ತಕ್ಕ ದನಿ. ಭತ್ತದ ಚೀಲಕ್ಕೆ ಒಂದು ಕಡೆ ಕೈ ಕೊಡೆಂದರೆ ಕೊಡುತ್ತಿದ್ದರು. ಇಂಥವರಿಗೆ ಒಂದೇ ಒಂದು ಕೊರತೆ. ಚಕ್ರ ಇರುವ ಯಾವುದರಲ್ಲಿ ಕೂತರೂ ಹೊಟ್ಟೆ ತೊಳಸುತ್ತಿತ್ತು. ಮದುವೆಯಾಗಿ ಸವಾರಿ ಬಂಡಿಯಲ್ಲಿ ಈ ಮನೆಗೆ ಬಂದಾಗ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಹೊಸ್ತಿಲ ಮೇಲಿನ ಸೇರು ಒದೆಯಲೂ ತ್ರಾಣವಿಲ್ಲದೆ ಇಬ್ಬರು ಹಿಡಿದುಕೊಂಡು ಒದೆಸಿದ್ದರಂತೆ. ಅದನ್ನು ಊರೆಲ್ಲ ಆಡಿಕೊಂಡಿತ್ತು. ಬಸ್ಸು ಬಂದ ಮೇಲೆ, ಡ್ರೈವರಿಗೆ ಬೆನ್ನು ಹಾಕಿದ ಹೆಂಗಸರ ಸೀಟಿನಲ್ಲಿ ಕೂತಾಗಲೂ ಅದೇ ಕಥೆ. "ಅವಳ ಹೊಟ್ಟಿ ಸರಿಯಿಲ್ಲ" ಎಂದು ಮಾವ ತೀರ್ಮಾನ ಮಾಡಿಬಿಟ್ಟರು. ಅತ್ತೆಯೂ ಒಪ್ಪಿಕೊಂಡರು. ಅಲ್ಲಿಂದ ಮುಂದೆ ಅವರ ಲೋಕವೆಂದರೆ ನಡೆದು ಹೋಗಿ ನಡೆದು ಬರುವಷ್ಟು: ಹೊಳೆ, ಗುಡಿ, ಸಂತೆ, ಗದ್ದೆ.

ಅವರಿಗೆ ಒಬ್ಬಳೇ ತಂಗಿ. ಹೊನ್ನಾಳಿಗೆ ಕೊಟ್ಟಿದ್ದರು. ತಂಗಿಯ ಮದುವೆಗೆ ಅತ್ತೆ ಹೋಗಲಿಲ್ಲ, ಬಾಣಂತನಕ್ಕೆ ಹೋಗಲಿಲ್ಲ, ಮನೆ ಕಟ್ಟಿಸಿದಾಗಲೂ ಹೋಗಲಿಲ್ಲ. ತಂಗಿಯೇ ವರ್ಷಕ್ಕೊಮ್ಮೆ ಬಂದು, ಉಂಡು, ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿಯೇ ಹೋಗುತ್ತಿದ್ದರು. "ಅಕ್ಕಾ, ನೀನು ನನ್ನ ಹೊಸ್ತಿಲು ತುಳೀಲಿಲ್ಲ ನೋಡು." ಅವರು ಹೋದ ದಿನ ಅತ್ತೆ ರೊಟ್ಟಿ ಬಡಿಯುವ ಸದ್ದು ಮೂರು ಮನೆಗೆ ಕೇಳುತ್ತಿತ್ತು.

ಆ ವರ್ಷ ಸುಗ್ಗಿ ಮುಗಿದು ಟ್ರಾಕ್ಟರಿಗೆ ಬಿಡುವು ಸಿಕ್ಕಿತು. ಭದ್ರಾ ಡ್ಯಾಮು ನೋಡಿ ಬರೋಣ ಎಂದು ಯಜಮಾನರು ಮಾತು ತೆಗೆದರು. ನಮ್ಮ ಗದ್ದೆಗೆ ಬರುವ ನೀರು ಎಲ್ಲಿ ನಿಂತಿರುತ್ತದೋ ನೋಡಬೇಕು, ದಾರಿಯಲ್ಲಿ ಅಲ್ಲಲ್ಲಿ ಬಿಡಾರ ಹೂಡಿ ಅಡುಗೆ ಮಾಡಿಕೊಂಡು ಮಲಗಬೇಕು. ನನಗೆ ಕೂತಲ್ಲೇ ರೆಕ್ಕೆ ಬಂತು. ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ದಾರಿಯಾಗೆ ಹೊನ್ನಾಳಿ ಸಿಗ್ತೈತಾ?"

"ಮೊದಲ ಬಿಡಾರನೇ ಹೊನ್ನಾಳಿ ಹೊಳಿ ದಂಡಿ ಮ್ಯಾಲೆ, ಅವ್ವ."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಬಂದು ನನಗೆ ಮಾತ್ರ ಕೇಳುವಂತೆ, "ಡ್ಯಾಮು ಕಾಣದಿದ್ರೂ ಚಿಂತಿಲ್ಲವ್ವಾ, ಹೊನ್ನಾಳಿ ಮುಟ್ಟಿದ್ರೆ ಸಾಕು" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಮಾವ ಒಪ್ಪಿದರು, ಒಂದು ಷರತ್ತಿನ ಮೇಲೆ. "ಮಲೆಬೆನ್ನೂರು ದಾಟೋದ್ರೊಳಗೆ ವಾಂತಿ ಆಯ್ತೋ, ಅಲ್ಲಿಂದಲೇ ಟ್ರಾಕ್ಟರ್ ತಿರುಗಿಸಾದು. ಪರಊರಾಗೆ ಅವಳನ್ನ ಮಲಗಿಸ್ಕಂಡು ಕೂರಾಕೆ ನನ್ನ ಕೈಲಿ ಆಗಲ್ಲ."

ಅಂದಿನಿಂದ ನಾನು ನಾನಾಗಿರಲಿಲ್ಲ. ಕುಲುಕಾಟಕ್ಕೆ ತಾನೇ ಹೊಟ್ಟೆ ತೊಳಸುವುದು? ಕುಲುಕದ ಹಾಗೆ ಮಾಡಿದರಾಯಿತು. ಬಡಗಿಯನ್ನು ಕರೆಸಿ ಮಂಚದ ಕಾಲು ತೆಗೆಸಿದ್ದು ಆಗಲೇ. ಟ್ರೇಲರಿನ ತಳಕ್ಕೆ ಮೊಳದಷ್ಟು ದಪ್ಪ ಭತ್ತದ ಹುಲ್ಲು ಹರಡಿ, ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಕಾಲಿಲ್ಲದ ಮಂಚ, ಮಂಚದ ಮೇಲೆ ಗಾದಿ, ಗಾದಿಯ ಮೇಲೆ ಎರಡು ಕೌದಿ. ನಾನೇ ಹತ್ತಿ ಕುಣಿದು ನೋಡಿದೆ. ನವಾರು ಮೆತ್ತಗೆ ಏಳುತ್ತ ಬೀಳುತ್ತ ಇತ್ತು. ಮಹಾರಾಣಿಗೂ ಇಂಥ ಆಸನ ಸಿಕ್ಕಿರಲಿಕ್ಕಿಲ್ಲ ಎಂದು ನನಗೆ ನಾನೇ ಶಹಬಾಸ್ ಹೇಳಿಕೊಂಡೆ.

ಮೇಲೆ ಸೂರು ಬೇಕಲ್ಲ. ಯಜಮಾನರು ಹರಿಹರದ ಕಮ್ಮಾರನಿಂದ ಟ್ರೇಲರಿನ ಪಕ್ಕದ ಹಲಗೆಗಳಿಗೆ ಕಬ್ಬಿಣದ ಬಳೆ ಹೊಡೆಸಿ, ಬಿದಿರಿನ ದಬ್ಬೆ ಬಗ್ಗಿಸಿ ಕಮಾನು ನಿಲ್ಲಿಸಿದರು. ಹೊದಿಸಲು ತಾಡಪಾಲು ತರಲು ಯಜಮಾನರ ಜೊತೆ ನಾನೂ ದಾವಣಗೆರೆಗೆ ಹೋದೆ. ಮಂಡಿಪೇಟೆಯ ಅಂಗಡಿಯವರು ಒಂದೊಂದೇ ಬಿಡಿಸಿ ತೋರಿಸುತ್ತ, "ಇದು ಏಕ್ದಂ ಮಜಬೂತ್ ಐತೆ, ಅಕ್ಕಾರೆ. ಯಾವ ಸಾಮಾನಿಗೆ ಹೊದಿಸ್ತೀರಿ?" ಎಂದರು. "ನಮ್ಮತ್ತೆಗೆ" ಎಂದೆ. ಪಾಪ, ಆ ಮನುಷ್ಯ ಮತ್ತೇನೂ ಕೇಳದೆ ಕಟ್ಟಿಕೊಟ್ಟರು.

ಟ್ರಾಕ್ಟರಿನ ಹೊಗೆ, ಧೂಳು ಒಳಗೆ ನುಗ್ಗಬಾರದೆಂದು ಮುಂಭಾಗವನ್ನು ತಾಡಪಾಲಿನಿಂದ ಪೂರ್ತಿ ಮುಚ್ಚಿ ಬಿಗಿದೆವು. ಗಾಳಿ ಬೆಳಕಿಗೆ ಹಿಂಭಾಗ ಮಾತ್ರ ತೆರೆದಿತ್ತು. ಹೆಂಗಸರು ಕೂರುವ ಜಾಗವಾದ್ದರಿಂದ ಅಲ್ಲಿಗೊಂದು ಪರದೆ ಬೇಕು. ಸವಾರಿ ಬಂಡಿಯಲ್ಲೂ ಹಾಗೇ ಅಲ್ಲವೇ? ಗಂಡಸರು ಮುಂದೆ, ಹೆಂಗಸರು ಹಿಂದೆ, ಹಿಂದಕ್ಕೆ ಮುಖ ಮಾಡಿ, ಪರದೆಯ ಸಂದಿಯಿಂದ ಬಿಟ್ಟುಬಂದ ದಾರಿ ನೋಡುತ್ತ. ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ನಾನೇ ಎರಡು ಸೀಳು ಮಾಡಿ ಪರದೆ ಹೊಲಿದೆ. ಸೆರಗಿನ ಕೆಂಪು ಅಂಚು ಗಾಳಿಗೆ ಹಾರುವ ಹಾಗೆ ಕಟ್ಟಿ, ದೂರ ನಿಂತು ನೋಡಿದೆ. ಬೀದಿಯವರೆಲ್ಲ ಬಂದು ನೋಡಿದರು. ನಾನು ನಡೆಯುತ್ತಿದ್ದೆನೋ ಹಾರುತ್ತಿದ್ದೆನೋ ಗೊತ್ತಿಲ್ಲ.

ಅತ್ತೆ ಮಾತ್ರ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಖಡಕ್ ರೊಟ್ಟಿಯ ಗೋಪುರ ಏಳುತ್ತಿತ್ತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾವಿನ ಉಪ್ಪಿನಕಾಯಿಯ ಜಾಡಿ, ಒಂದು ಚೀಲ ಮಂಡಕ್ಕಿ. ಇಷ್ಟಾದ ಮೇಲೆ ತಂಗಿಗೆಂದು ಬೇರೆ ಒಂದು ಬುಟ್ಟಿ: ಹೋಳಿಗೆ, ಹಸಿರು ಸೀರೆ, ಕುಬಸದ ಖಣ, ತೆಂಗಿನಕಾಯಿ. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಒಂದು ಸಂಜೆ ಅವರು ಆ ಬುಟ್ಟಿಯ ಮುಂದೆ ಸುಮ್ಮನೆ ಕೂತಿದ್ದರು. "ಯಾಕತ್ತಿ?" ಎಂದೆ. "ಈ ಸಲ ಮಲೆಬೆನ್ನೂರಿಂದ ವಾಪಸ್ ಬಂದ್ರೆ, ಈ ಹೋಳಿಗೆ ನಾವೇ ತಿನ್ನಬಕು. ನನಗೆ ಗಂಟ್ಲಾಗೆ ಇಳಿಯಲ್ಲವ್ವಾ" ಎಂದರು. ನನಗೆ ಕಣ್ಣು ತುಂಬಿ ಬಂತು. ಕೂಡಲೇ ಹೊರಗೆ ಹೋಗಿ ಟ್ರೇಲರಿಗೆ ಇನ್ನೊಂದು ಹೊರೆ ಹುಲ್ಲು ತುರುಕಿದೆ.

ಹೊರಡುವ ದಿನ ಬೆಳಗ್ಗೆ ಸಾಮಾನು ಏರಿಸುವ ಯಜಮಾನಿಕೆ ಮಾವನದು. ಅದರಲ್ಲಿ ಎರಡನೆಯ ಮಾತಿಲ್ಲ. ಬಂಡಿ ಹೇರುವುದರಲ್ಲಿ ಅವರನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ಮೆಣಸಿನಕಾಯಿ ಹೇರಲಿ, ಕಲ್ಲು ಹೇರಲಿ, ಅವರು ಹೇರಿದ ಬಂಡಿಯ ಮೂಕಿ, ಅಂದರೆ ನೊಗಕ್ಕೆ ಹೋಗುವ ಉದ್ದನೆಯ ಮರ, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಮುಂದೆ ಭಾರವಾದರೆ ಎತ್ತಿನ ಹೆಗಲು ಸವೆಯುತ್ತದೆ. ಅದಕ್ಕೇ ಭಾರದ ಸಾಮಾನೆಲ್ಲ ಅಚ್ಚಿನಿಂದ ಹಿಂದಕ್ಕೆ.

ಅಂದೂ ಹಾಗೇ ಮಾಡಿದರು. ಟ್ರಾಕ್ಟರಿನಿಂದ ಟ್ರೇಲರು ಬಿಚ್ಚಿಸಿ, ಅದರ ಮೂತಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ನೀರಿನ ಡ್ರಮ್ಮು ಹಿಂದಕ್ಕೆ. ಡೀಸೆಲ್ ಡ್ರಮ್ಮು ಹಿಂದಕ್ಕೆ. ಅಕ್ಕಿ ಚೀಲ, ಕಟ್ಟಿಗೆ, ಒರಳು ಎಲ್ಲ ಹಿಂದಕ್ಕೆ. ಸ್ಟೋವಿದ್ದರೂ ಕಟ್ಟಿಗೆ ಯಾಕೆ, ಮೂರು ದಿನಕ್ಕೆ ಒರಳು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದಿನ ಅರ್ಧದಲ್ಲಿ ರೊಟ್ಟಿ, ಮಂಡಕ್ಕಿ, ಹಾಸಿಗೆ, ಲಾಟೀನು. ನಡುವೆ ಅತ್ತೆಯ ಮಂಚ. ಒಂದೊಂದು ಸಾಮಾನು ಏರಿದಾಗಲೂ ಮಾವ ಹೋಗಿ ಟ್ರೇಲರಿನ ಕಬ್ಬಿಣದ ಮೂಕಿಯನ್ನು ಎತ್ತಿ ನೋಡುತ್ತಿದ್ದರು. ಕೊನೆಗೆ ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿ ಮೀಸೆ ಮುಟ್ಟಿಕೊಂಡರು.

"ಹೂವಿನಂಗೈತೆ!"

ನೋಡಲು ನಿಂತವರು ಹೌದು ಹೌದು ಎಂದರು. ನಾನೂ ಎಂದೆ. ಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು, ಹೊರಟೆವು. ಯಜಮಾನರು ಸ್ಟೇರಿಂಗು ಹಿಡಿದರು. ಮಾವ ಎಂದಿನಂತೆ ಅವರ ಪಕ್ಕಕ್ಕೆ, ದೊಡ್ಡ ಚಕ್ರದ ಎಡ ಮಡ್ಗಾರ್ಡಿನ ಮೇಲೆ ಕೂತರು. ಅತ್ತೆ ಮತ್ತು ನಾನು ಪರದೆಯ ಒಳಗೆ. ಅತ್ತೆಯ ಮುಷ್ಟಿಯಲ್ಲಿ ಇನ್ನೊಂದು ನಿಂಬೆಹಣ್ಣು.

ಊರು ದಾಟುವ ತನಕ ನಾನು ಪರದೆ ಸರಿಸಿ ಕೈ ಬೀಸಿದ್ದೇ ಬೀಸಿದ್ದು. ಆಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಟ್ರೇಲರು ಕುಲುಕುತ್ತಿರಲಿಲ್ಲ, ತೂಗುತ್ತಿತ್ತು. ಪ್ರತಿ ಗುಂಡಿಗೂ ಮುಂಭಾಗ ಎದ್ದು, ಕೊಂಡಿಯಲ್ಲಿ ಟಣ್ ಎಂದು ಬಡಿದು, ಮತ್ತೆ ಕೂರುತ್ತಿತ್ತು. ಹಿಂಭಾಗ ನಾಯಿಯ ಬಾಲದಂತೆ ಅತ್ತ ಇತ್ತ ಅಲ್ಲಾಡುತ್ತಿತ್ತು. ನನ್ನ ನವಾರಿನ ಮಂಚ ಇದ್ದದ್ದನ್ನು ಇಮ್ಮಡಿ ಮಾಡಿ ಎತ್ತಿ ಹಾಕುತ್ತಿತ್ತು. ಅತ್ತೆಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ನಿಂಬೆಹಣ್ಣು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ನಿಲ್ಸಾಕೆ ಹೇಳ್ಲಾ, ಅತ್ತಿ?"

"ಬ್ಯಾಡ. ನಿಲ್ಸಿದ್ರೆ ವಾಪಸ್ಸೇ. ಸುಮ್ಕಿರು" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದರು. ನಾನು ದೇವರ ಮೇಲೆ ಭಾರ ಹಾಕಿ ಅವರ ಕೈ ಹಿಡಿದುಕೊಂಡೆ.

ಮಲೆಬೆನ್ನೂರು ಇನ್ನೂ ಅರ್ಧ ದಾರಿ ಇರುವಾಗ ನಾಲೆಯ ಸೇತುವೆ ಬಂತು. ಅದಕ್ಕೆ ಹತ್ತುವ ಏರು ಚಿಕ್ಕದೇ, ಆದರೆ ಜಲ್ಲಿ ಕಿತ್ತು ಬಂದಿತ್ತು. ಟ್ರಾಕ್ಟರು ಅರ್ಧ ಏರಿ ನಿಂತಿತು. ದೊಡ್ಡ ಚಕ್ರಗಳು ಗರಗರ ತಿರುಗಿ ಜಲ್ಲಿ ಹಾರಿಸಿದವೇ ಹೊರತು ಮುಂದಕ್ಕೆ ಹೋಗಲಿಲ್ಲ. ಯಜಮಾನರು ಎಲ್ಲರೂ ಇಳಿಯಿರಿ ಎಂದು ಕೂಗಿದರು. ಚಕ್ರಕ್ಕೆ ಕಲ್ಲು ಕೊಟ್ಟೆವು. ಅತ್ತೆ ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತು ದೀರ್ಘವಾಗಿ ಉಸಿರೆಳೆದರು. ಇನ್ನೂ ಏನೂ ಆಗಿರಲಿಲ್ಲ. ಆಗುವುದಕ್ಕೆ ಸ್ವಲ್ಪವೇ ಉಳಿದಿತ್ತು.

ಯಜಮಾನರು ಕೊಂಡಿ ಬಗ್ಗಿ ನೋಡಿದರು. "ಅಪ್ಪಾ, ಹಿಂದಿನ ಭಾರಕ್ಕೆ ಟ್ರೇಲರು ಮೂತಿ ಎತ್ತುತೈತೆ. ಟ್ರಾಕ್ಟರಿನ ಹಿಂಭಾಗಾನೂ ಎತ್ಕಂಡು ಹೋಗ್ತೈತೆ. ಚಕ್ರ ನೆಲ ಹಿಡೀತಿಲ್ಲ. ಭಾರ ಮುಂದಕ್ಕೆ ಹಾಕ್ಬಕು."

ಮಾವ ಸಿಟ್ಟಾದರು. "ನನಗೆ ಹೇರಾಕೆ ಕಲಿಸ್ತೀಯೇನಲೇ? ಭಾರ ಮುಂದಕ್ಕೆ ಹಾಕಿದ್ರೆ ಹೆಗಲು ಸವದು ಹೋಗ್ತೈತೆ!"

"ಯಾರ ಹೆಗಲು, ಅಪ್ಪಾ?"

ಮಾವ ಬಾಯಿ ತೆರೆದರು. ಟ್ರಾಕ್ಟರನ್ನು ಒಮ್ಮೆ ನೋಡಿದರು. ಅದಕ್ಕೆ ಹೆಗಲೂ ಇರಲಿಲ್ಲ, ಕೊರಳ ಗಂಟೆಯೂ ಇರಲಿಲ್ಲ. ಹೋಗಿ ನೀರಿನ ಡ್ರಮ್ಮಿಗೆ ಕೈ ಹಾಕಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಾಲೆಯ ಕಡೆ ತಿರುಗಿ ನಿಂತೆ.

ಡ್ರಮ್ಮುಗಳು, ಅಕ್ಕಿ, ಒರಳು ಮುಂದಕ್ಕೆ ಹೋದವು. ರೊಟ್ಟಿ, ಹಾಸಿಗೆ ಹಿಂದಕ್ಕೆ ಬಂದವು. ಆದರೆ ನಿಂತ ಜಾಗದಿಂದ ಏರು ಹತ್ತಬೇಕಲ್ಲ. ಚಕ್ರದ ಮೇಲೆ ಇನ್ನಷ್ಟು ಭಾರ ಬೇಕು ಎಂದರು ಯಜಮಾನರು. ಮಾವ ಹಿಂದಿನಿಂದ ನೂಕಲು ನಿಂತಿದ್ದರು. ನಾನು ಕಡ್ಡಿಯಂತಿದ್ದೆ. ಯಜಮಾನರ ಕಣ್ಣು ಅತ್ತೆಯ ಮೇಲೆ ಬಿತ್ತು.

"ಅವ್ವ, ಬಾ. ಈ ಮಡ್ಗಾರ್ಡ್ ಮ್ಯಾಲೆ ಕುಂತ್ಕ."

"ಥೂ, ಗಂಡಸರಂಗೆ ಅಲ್ಲಿ ಕುಂತ್ಕತಾರಾ?"

"ಏರು ಹತ್ತೋ ತನಕ, ಅಷ್ಟೇ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲ ಮಡ್ಗಾರ್ಡಿನ ಮೇಲೆ ಏರಿ ಕೂತರು. ಟ್ರಾಕ್ಟರು ಒಮ್ಮೆ ಗುಟುರು ಹಾಕಿ ಏರು ಹತ್ತಿತು. ಹತ್ತಿದ್ದು ನಿಲ್ಲಲಿಲ್ಲ. ಮತ್ತೆ ನಿಲ್ಲಿಸಿದರೆ ಎಲ್ಲಿ ಕೈಕೊಡುತ್ತದೋ ಎಂದು ಯಜಮಾನರು ಸೇತುವೆ ದಾಟಿ, ಆಚೆಯ ಇಳಿಜಾರು ಇಳಿದು, ಹಾಗೇ ಹೊರಟೇಬಿಟ್ಟರು. ನಾನು ಓಡಿ ಟ್ರೇಲರಿನ ಹಿಂದೆ ಜೋತುಬಿದ್ದು ಹತ್ತಿಕೊಂಡೆ. ನನ್ನ ಹಿಂದೆ ಕಚ್ಚೆ ಹಿಡಿದುಕೊಂಡು, "ಲೇ, ನಿಲ್ಸಲೇ!" ಎಂದು ಕೂಗುತ್ತ ಮಾವ ಓಡಿ ಬಂದರು. ನಾನು ಕೈ ಕೊಟ್ಟೆ. ಮಾವ ಬಂದು ದೊಪ್ಪನೆ ಬಿದ್ದದ್ದು ಕಾಲಿಲ್ಲದ ಮಂಚದ ಮೇಲೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅಂದು ಮಾವನ ಕಾಲ ಬಂದಿತ್ತು. ಸೊಸೆ ಮಾವನಿಗೆ ಎದುರಾಗಿ ಕೂರುವ ಹಾಗಿಲ್ಲ, ಆದ್ದರಿಂದ ನಾನು ಮೂಲೆಗೆ ಒತ್ತಿ, ತಲೆಯ ಮೇಲೆ ಸೆರಗೆಳೆದು, ರೊಟ್ಟಿ ಗಂಟಿನ ಕಡೆ ಮುಖ ಮಾಡಿದೆ. ಅವರು ಪರದೆಯ ಕಡೆ ಮುಖ ಮಾಡಿದರು. ಭಾರ ಮುಂದಕ್ಕೆ ಹೋಗಿದ್ದರಿಂದ ಟ್ರೇಲರಿನ ಕುಣಿತ ಎಷ್ಟೋ ಇಳಿದಿತ್ತು. ಆದರೂ ಮಾವ ಸ್ವಲ್ಪ ಹೊತ್ತಿಗೆ ಕೆಮ್ಮಿದರು. ಆಮೇಲೆ ರುಮಾಲು ತೆಗೆದರು. ಹಿಂದಕ್ಕೆ ಓಡುವ ರಸ್ತೆ, ಮುಂದಿನಿಂದ ಡೀಸೆಲ್ ವಾಸನೆ, ಹಾರಿ ಹಾರಿ ಮುಖಕ್ಕೆ ಬಡಿಯುವ ಪರದೆ. ತಿರುಗಿ ನೋಡಬಾರದೆಂದುಕೊಂಡರೂ ನೋಡಿದೆ. ಬೆಳಗ್ಗೆ ಅತ್ತೆಯ ಮುಖದಲ್ಲಿ ಕಂಡ ಆ ಬೂದಿಯ ಬಣ್ಣ ಮಾವನ ಮುಖಕ್ಕೂ ಬಂದಿತ್ತು.

ಅಷ್ಟರಲ್ಲಿ ಮುಂದಿನಿಂದ ಅತ್ತೆಯ ದನಿ ಕೇಳಿಸತೊಡಗಿತು. ಇಂಜಿನ್ನಿನ ಸದ್ದನ್ನೂ ಮೀರಿದ ದನಿ. "ಅಗೋ ಬೆಳ್ಳಕ್ಕಿ ನೋಡೋ!" "ಅದ್ಯಾವ ಊರೋ?" "ಈ ಗದ್ದಿ ಭತ್ತ ನಮ್ದಕ್ಕಿಂತ ಚಲೋ ಬಂದಿತ್ತು ಅನ್ಸುತ್ತೆ, ಕುಯ್ದುಳಿದ ಕೂಳಿ ನೋಡು ಎಷ್ಟು ದಪ್ಪೈತೆ!" ನಾನು ತಾಡಪಾಲಿನ ಕಟ್ಟು ಸ್ವಲ್ಪ ಸಡಿಲಿಸಿ ಇಣುಕಿದೆ. ಅತ್ತೆಯ ಸೆರಗು ತಲೆಯಿಂದ ಜಾರಿತ್ತು. ಗಾಳಿಗೆ ಕೂದಲು ಹಾರುತ್ತಿತ್ತು. ಮಲೆಬೆನ್ನೂರಿನ ಪೇಟೆಯೊಳಗೆ ಹೋಗುವಾಗ ಚಹಾದಂಗಡಿಯ ಮುಂದಿನ ಜನವೆಲ್ಲ ಎದ್ದು ನಿಂತು ನೋಡಿದರು. ಅತ್ತೆಯೂ ಅವರನ್ನು ನೋಡಿದರು. ಅವರಿಗೆ ತಾವು ಇಳಿಯಬೇಕಾಗಿತ್ತು ಅನ್ನುವುದೇ ಮರೆತು ಹೋಗಿತ್ತು. ನನಗೆ ಸಿಳ್ಳೆ ಹೊಡೆಯಬೇಕು ಅನ್ನಿಸಿತು.

ಪೇಟೆ ದಾಟುವ ಮೊದಲೇ ಮಾವ ಟ್ರೇಲರಿನ ಹಲಗೆ ದಬದಬ ಬಡಿದರು. ಟ್ರಾಕ್ಟರು ನಿಂತಿತು. ಮಾವ ಇಳಿದವರೇ ಬೇವಿನ ಮರದ ಬುಡಕ್ಕೆ ಹೋಗಿ ಬಗ್ಗಿದರು. ಬೆಳಗಿನ ಉಪ್ಪಿಟ್ಟೆಲ್ಲ ಹೊರಬಂತು.

ಯಜಮಾನರು ನಗು ತಡೆಯುತ್ತ ಕೇಳಿದರು, "ಅಪ್ಪಾ, ಮಲೆಬೆನ್ನೂರು ಇನ್ನೂ ದಾಟಿಲ್ಲ. ಟ್ರಾಕ್ಟರ್ ತಿರುಗಿಸ್ಲಾ?"

ನಾನು ನಕ್ಕೇಬಿಟ್ಟೆ. ಅತ್ತೆ ನಗಲಿಲ್ಲ. ಮಡ್ಗಾರ್ಡಿನಿಂದ ಇಳಿದು ಹೋಗಿ, ಚೊಂಬಿನ ನೀರು ಕೊಟ್ಟು, ಮುಷ್ಟಿಯಲ್ಲಿ ಇನ್ನೂ ಹಿಡಿದುಕೊಂಡೇ ಇದ್ದ ನಿಂಬೆಹಣ್ಣನ್ನು ಮಾವನ ಕೈಗೆ ಹಾಕಿದರು. "ಬೆನ್ನು ಹಾಕಿ ಕುಂತ್ರೆ ಹಂಗೇ ಆಗಾದು. ಬರ್ರಿ, ಮುಂದೆ ಕುಂತ್ಕಳ್ರಿ. ಆ ಕಡಿ ಮಡ್ಗಾರ್ಡ್ ಖಾಲಿ ಐತೆ."

ಮಾವ ಮುಖ ಒರೆಸಿಕೊಳ್ಳುತ್ತ ಹೋಗಿ ಎಡಗಡೆ ಕೂತರು. ಅತ್ತೆ ಬಲಗಡೆಗೆ ಹತ್ತುವ ಮೊದಲು ನನ್ನ ಹತ್ತಿರ ನಿಂತರು. ಅವರ ಮುಖದಲ್ಲಿ ಆಶ್ಚರ್ಯ ಇತ್ತು, ಸಿಟ್ಟೂ ಇತ್ತು.

"ಇಷ್ಟು ವರ್ಷ ನನ್ನ ಹೊಟ್ಟೀದೇ ತಪ್ಪು ಅಂತ ತಿಳ್ಕಂಡಿದ್ನಲ್ಲವ್ವಾ."

ನಾನು ಟ್ರೇಲರು ಹತ್ತಿ, ಇಳಕಲ್ ಸೀರೆಯ ಪರದೆಯನ್ನು ಬಿಚ್ಚಿ ಮಡಿಸಿ ಮಂಚದ ಕೆಳಗೆ ತುರುಕಿದೆ. ಮುಂದಿನ ತಾಡಪಾಲನ್ನೂ ಮೇಲಕ್ಕೆ ಸುತ್ತಿ ಕಟ್ಟಿದೆ. ಧೂಳು ಬಂದರೆ ಬರಲಿ. ಮಂಡಕ್ಕಿ ಚೀಲಕ್ಕೆ ಒರಗಿ, ಮುಂದಕ್ಕೆ ಮುಖ ಮಾಡಿ ಕೂತೆ. ಎದುರಿಗೆ ಮಗ ನಡುವೆ, ಗಂಡ ಹೆಂಡತಿ ಆಚೆ ಈಚೆ.

ಡ್ಯಾಮನ್ನೂ ನೋಡಿದೆವು. ಅಷ್ಟು ನೀರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಮಾವ ಆ ಒರಳನ್ನು ಒಂದು ಸಲವಾದರೂ ಉಪಯೋಗಿಸಲೇಬೇಕೆಂದು ಹಟ ಹಿಡಿದು ಚಟ್ನಿ ಅರೆಸಿದರು. ಆದರೆ ಡ್ಯಾಮಿಗಿಂತ ನನಗೆ ಕಣ್ಣಿಗೆ ಕಟ್ಟಿರುವುದು ಆ ದಿನದ ಹೊನ್ನಾಳಿ.

ಹೊಳೆಯ ದಂಡೆಯಲ್ಲಿ ಬಿಡಾರ ಹೂಡುವ ಜಾಗ ನೋಡಲೂ ಅತ್ತೆ ಬಿಡಲಿಲ್ಲ. ಮೊದಲು ತಂಗಿಯ ಮನೆ. ಕಿರಿದಾದ ಬೀದಿ, ಟ್ರಾಕ್ಟರಿನ ಸದ್ದಿಗೆ ಬಾಗಿಲು ಬಾಗಿಲಿಗೆ ಜನ ಬಂದರು. ತಂಗಿಯೂ ಕೈಗೆ ಹತ್ತಿದ ಹಿಟ್ಟಿನೊಂದಿಗೇ ಬಂದರು. ಮಡ್ಗಾರ್ಡಿನ ಮೇಲಿರುವ ಹೆಂಗಸು ಯಾರೆಂದು ಅವರಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದಾಗ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡರು. ಅತ್ತೆ ಬುಟ್ಟಿ ಹಿಡಿದು ಇಳಿದರು. ಮೈಯೆಲ್ಲ ಧೂಳು, ಕೂದಲು ಕೆದರಿತ್ತು. ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ. ನೆಟ್ಟಗೆ ನಡೆದು ಹೋಗಿ ಬಲಗಾಲಿಟ್ಟು ಹೊಸ್ತಿಲು ತುಳಿದರು.

"ಅಕ್ಕಾ! ನೀನು! ಹೆಂಗೆ ಬಂದೆ?"

"ಮುಂದೆ ಕುಂತು ಬಂದೆ ಕಣೇ" ಎಂದರು ಅತ್ತೆ.